ಬೀಗ ಹಾಕಿದ ಬಾಗಿಲಿನ ಆಚೆ ಕುಳಿತ ಗೆಳೆಯನಿಗೆ

ಮೂಡಿಗೆರೆ,
ಕಾರ್ತಿಕ ಮಾಸ

ಪ್ರಿಯ ಗೆಳೆಯ,

ದೀಪಾವಳಿಗೆ ನೀನು ಊರಿಗೆ ಬಂದು ಹೋಗಿ ಮೂರು ವಾರ ಕಳೆದರೂ ಅಂದು ನಮ್ಮ ಮನೆಯ ಜಗಲಿಯಲ್ಲಿ ನೀನಾಡಿದ ಒಂದು ಮಾತು ನನ್ನ ತಲೆಯಿಂದ ಹೋಗಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವೆನ್ನಿಸಿ, ಬಹಳ ವರ್ಷಗಳ ಮೇಲೆ ಕಾಗದ ಹಿಡಿದು ಕುಳಿತಿದ್ದೇನೆ. ಬರುವ ವರ್ಷ ನಿನಗೆ ವಿಮಾನದ ಎಡಗಡೆಯ ಸೀಟು ಸಿಗಲಿದೆ, ಅಂದರೆ ನೀನು ಕ್ಯಾಪ್ಟನ್ ಆಗಲಿದ್ದೀಯೆ ಎಂದು ತಿಳಿದಾಗ ಅಮ್ಮ ಕಾಫಿ ಲೋಟ ಕೆಳಗಿಟ್ಟು, "ಅಷ್ಟು ಜನರನ್ನ ಹಿಂದೆ ಕೂರಿಸ್ಕಂಡು ಹೋಗ್ತೀಯಲ್ಲ, ಹೆದ್ರಿಕೆ ಆಗಲ್ವ ಮಗ?" ಎಂದು ಕೇಳಿದಳು. ನೀನು ನಕ್ಕು, "ಹಿಂದೆ ಜನ ಇದ್ದಾರೆ ಅನ್ನೋದೇ ನೆನಪಿರಲ್ಲ ಅಮ್ಮ, ನಮಗೆ ಅದು ನೂರಾ ಎಂಬತ್ತು ಪ್ಯಾಕ್ಸ್, ಅಷ್ಟೆ" ಎಂದೆ. ಪ್ಯಾಕ್ಸ್ ಎಂದರೆ ನಿಮ್ಮ ಕಸುಬಿನ ಮಾತಿನಲ್ಲಿ ಪ್ರಯಾಣಿಕರು ಎಂಬುದು ಅಮ್ಮನಿಗೆ ತಿಳಿಯಲಿಲ್ಲ. ವಿಮಾನದಲ್ಲಿ ಹೋಗುವ ಕೊರಿಯರ್ ಪ್ಯಾಕೆಟ್ಟುಗಳ ಲೆಕ್ಕವಿರಬೇಕೆಂದು ಅವಳು ತಿಳಿದುಕೊಂಡಿದ್ದಳೆಂಬುದು ನೀನು ಹೋದ ಮೇಲೆ ನನಗೆ ಗೊತ್ತಾಯಿತು.

ಆ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಪ್ರತಿ ಕಸುಬಿನಲ್ಲೂ ಮನುಷ್ಯರನ್ನು ಲೆಕ್ಕಕ್ಕೆ ತಂದುಕೊಳ್ಳುವ ಇಂಥ ಮೊಟಕು ಮಾತುಗಳಿರುತ್ತವೆ. ಆಸ್ಪತ್ರೆಯಲ್ಲಿ ರೋಗಿ ಹನ್ನೆರಡನೇ ಬೆಡ್ ಆಗುತ್ತಾನೆ, ಬಸ್ಸಿನಲ್ಲಿ ಕಂಡಕ್ಟರ್ ಐವತ್ತೆರಡು ಟಿಕೆಟ್ ಎನ್ನುತ್ತಾನೆ. ನಿನ್ನ ಲೋಡ್ ಶೀಟಿನಲ್ಲಿ ಪ್ರತಿ ಪ್ರಯಾಣಿಕನಿಗೂ ಒಂದು ಸರಾಸರಿ ತೂಕ ಕಟ್ಟಿ, ಸಾಮಾನು, ಇಂಧನಗಳ ತೂಕದ ಜೊತೆಗೆ ಕೂಡಿಸಿ, ವಿಮಾನದ ಸಮತೋಲ ಲೆಕ್ಕ ಹಾಕುತ್ತಾರೆಂದು ನೀನೇ ವಿವರಿಸಿದ್ದೆ. ಆ ಲೆಕ್ಕ ಸರಿಯಾಗಿದ್ದರೆ ತಾನೇ ಎಲ್ಲರೂ ಕ್ಷೇಮವಾಗಿ ಊರು ತಲುಪುವುದು. ಆದರೆ ಅದೇ ಸಂಜೆ ನೀನು ಇನ್ನೊಂದು ಸಂಗತಿಯನ್ನೂ ಹೇಳಿದ್ದೆ. ವಿಮಾನಕ್ಕೆ ಅಪಾಯ ಒದಗಿದೆಯೆಂದು ಪೈಲಟ್ ರೇಡಿಯೊದಲ್ಲಿ ತಿಳಿಸಿದಾಗ ಕೆಳಗಿನ ಕಂಟ್ರೋಲ್‌ನವರು ಇಂಧನ ಎಷ್ಟಿದೆಯೆಂದು ವಿಚಾರಿಸುವುದರ ಜೊತೆಗೆ ಒಳಗೆ ಎಷ್ಟು 'ಸೋಲ್ಸ್' ಇದ್ದಾರೆಂದು ಕೇಳುತ್ತಾರಂತೆ. ಅಲ್ಲಿಯವರೆಗೆ ಪ್ಯಾಕ್ಸ್ ಆಗಿದ್ದವರು ಆ ಒಂದು ಗಳಿಗೆಯಲ್ಲಿ ಜೀವಗಳಾಗಿಬಿಡುತ್ತಾರೆ. ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೂ, ತಡವಾದಾಗಲೂ, ಮಳೆಯಲ್ಲಿ ಕಾಯುವಾಗಲೂ ಅವರು ಹಾಗೆಯೇ ಇದ್ದರಲ್ಲವೇ ಎಂಬುದೊಂದೇ ನನ್ನ ತಕರಾರು.

ನೀನು ಚಿಕ್ಕಂದಿನಲ್ಲಿ ನನ್ನಪ್ಪ ಓಡಿಸುತ್ತಿದ್ದ ಬಸ್ಸಿನ ಬಾನೆಟ್ ಪಕ್ಕದ ಸೀಟಿಗಾಗಿ ನನ್ನೊಡನೆ ಜಗಳವಾಡುತ್ತಿದ್ದುದು ನೆನಪಿದೆಯೇ? ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಆಷಾಢದ ಮಳೆಯಲ್ಲಿ ಗಾಜಿನ ಮುಂದೆ ಬಿಳಿ ಗೋಡೆ ಎದ್ದಂತೆ ಮಂಜು ಕವಿಯುತ್ತಿತ್ತು. ಒಂದು ಸಲ ಅಣ್ಣಪ್ಪ ಸ್ವಾಮಿಯ ಗುಡಿಯ ಹತ್ತಿರ ಅಪ್ಪ ಬಸ್ಸನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎದ್ದು ನಿಂತು ಹಿಂದಕ್ಕೆ ತಿರುಗಿ, "ಮುಂದಿನ ತಿರುವು ಕಾಣ್ತಾ ಇಲ್ಲ. ಮಂಜು ಬಿಡೋ ತನಕ ನಾನು ಹೊರಡಲ್ಲ. ಅರ್ಧ ಗಂಟೆ ಆಗಬಹುದು, ಒಂದು ಗಂಟೇನೂ ಆಗಬಹುದು. ಯಾರಿಗಾದ್ರೂ ಆಸ್ಪತ್ರೆ ಅರ್ಜೆಂಟ್ ಇದ್ರೆ ಹೇಳಿ" ಎಂದು ಕೇಳಿದ. ಉಜಿರೆಯಲ್ಲಿ ಮಗಳ ಹೆರಿಗೆಯಿದೆಯೆಂದು ಒಬ್ಬ ಅಜ್ಜಿ ಹೇಳಿದಳು. ಅಪ್ಪ ಆ ಅಜ್ಜಿಯನ್ನು ಮುಂದೆ ಕರೆದು, ಡ್ರೈವರ್ ಸೀಟಿನ ಪಕ್ಕ ಕೂರಿಸಿ, "ನೀವೇ ನೋಡಿ ಅಜ್ಜಿ, ಏನಾದ್ರೂ ಕಾಣ್ತದಾ?" ಎಂದ. ಅವಳು ಗಾಜಿಗೆ ಮುಖ ತಾಗಿಸಿ ಬಹಳ ಹೊತ್ತು ನೋಡಿ, "ಇಲ್ಲಪ್ಪ, ಬ್ಯಾಡ, ಕೂತ್ಕಳಣ" ಎಂದಳು. ಆ ಮೇಲೆ ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಒಬ್ಬರು ಚೀಲದಿಂದ ಹಲಸಿನ ಹಪ್ಪಳ ತೆಗೆದು ಹಂಚಿದರು.

ನಿನ್ನ ಕಸುಬಿಗೂ ಅಪ್ಪನ ಕಸುಬಿಗೂ ಇರುವ ದೊಡ್ಡ ವ್ಯತ್ಯಾಸ ವೇಗದಲ್ಲಾಗಲಿ ಎತ್ತರದಲ್ಲಾಗಲಿ ಇಲ್ಲ, ಆ ಮುಂಭಾಗದ ಗಾಜಿನಲ್ಲಿದೆ. ಬಸ್ಸಿನಲ್ಲಿ ಕುಳಿತವನು ಕತ್ತು ಚಾಚಿದರೆ ಚಾಲಕ ನೋಡುವುದನ್ನೇ ನೋಡಬಲ್ಲ; ಅವನ ಬೆನ್ನನ್ನು, ಸ್ಟಿಯರಿಂಗ್ ಹಿಡಿದ ಕೈಯನ್ನು, ಎದುರಿನ ಲಾರಿಗೆ ಅವನು ದಾರಿ ಬಿಡುವ ರೀತಿಯನ್ನು ಕಂಡು ತನ್ನ ಜೀವ ಎಂಥವನ ಕೈಯಲ್ಲಿದೆಯೆಂದು ಅಳೆಯಬಲ್ಲ; ಬೇಡವೆನ್ನಿಸಿದರೆ ಇಳಿದೂ ಹೋಗಬಲ್ಲ. ವಿಮಾನದಲ್ಲಿ ನಮಗೆ ಕಾಣುವುದು ಪಕ್ಕದ ಮೋಡ ಮಾತ್ರ. ಹಿಂದೆ ಮಕ್ಕಳನ್ನು ಕಾಕ್‌ಪಿಟ್ಟಿಗೆ ಕರೆದು ತೋರಿಸುವ ಪದ್ಧತಿಯಾದರೂ ಅಲ್ಲಲ್ಲಿ ಇತ್ತು. 2001ರ ಸೆಪ್ಟೆಂಬರ್ 11ರ ನಂತರ ಆ ಬಾಗಿಲು ಗುಂಡಿಗೂ ಜಗ್ಗದಂಥದ್ದಾಗಿ, ಒಳಗಿನಿಂದ ಬೀಗ ಬಿದ್ದಿತು. ಅದು ಸರಿಯಾದ ಕ್ರಮವೇ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಮೇಲೆ ನಿನಗೂ ನಮಗೂ ನಡುವೆ ಉಳಿದಿರುವ ಒಂದೇ ಒಂದು ದಾರಿ ನಿನ್ನ ಧ್ವನಿ. ಪೈಲಟ್ ಪ್ರಯಾಣಿಕರನ್ನು ಹೇಗೆ ಕಾಣುತ್ತಾನೆಂಬುದು ನಮಗೆ ತಿಳಿಯುವುದು ಆ ಧ್ವನಿಯಿಂದ ಮಾತ್ರ, ಮತ್ತು ಬಹಳ ಜನ ಪೈಲಟ್‌ಗಳು ಅದನ್ನು ಒಂದು ತೀರಿಸಬೇಕಾದ ಶಾಸ್ತ್ರದಂತೆ ಬಳಸುತ್ತಾರೆ.

ಕಳೆದ ವರ್ಷ ಅಮ್ಮನನ್ನು ತಂಗಿಯ ಮನೆಗೆಂದು ಬೆಂಗಳೂರಿನಿಂದ ಪುಣೆಗೆ ಕರೆದೊಯ್ದೆನಲ್ಲ, ಅದರ ಪೂರ್ತಿ ಕಥೆ ನಿನಗೆ ಹೇಳಿಲ್ಲ. ನಿನಗೆ ಬೇಸರವಾದೀತೆಂದು ಬಿಟ್ಟಿದ್ದೆ. ಅದು ಅವಳ ಮೊದಲ ವಿಮಾನ ಪ್ರಯಾಣ. ಬಾಗಿಲು ಮುಚ್ಚಿದ ಮೇಲೆ ನಾವು ನಿಂತಲ್ಲೇ ಒಂದು ಗಂಟೆ ನಲವತ್ತು ನಿಮಿಷ ಕುಳಿತೆವು. ತಂಪು ಗಾಳಿ ಬರುವುದು ಕಡಿಮೆಯಾಗಿ ಸೆಕೆ ಏರತೊಡಗಿತು. ಶೌಚಾಲಯಕ್ಕೆ ಹೇಗೆ ಹೋಗಬೇಕೋ ಗೊತ್ತಿಲ್ಲವೆಂದು ಅಮ್ಮ ಬೆಳಗಿನಿಂದ ನೀರು ಕುಡಿದಿರಲಿಲ್ಲ. ಮೊಣಕಾಲು ನೋವಿಗೆ ಕಾಲು ಚಾಚಲೂ ಜಾಗವಿರಲಿಲ್ಲ. ನಲವತ್ತು ನಿಮಿಷವಾದ ಮೇಲೆ ಮುಂದಿನಿಂದ ಒಂದು ಧ್ವನಿ ಬಂತು. ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ, ಬಾಯೊಳಗೇ ಅರ್ಧ ನುಂಗಿದ ಮಾತು; ಅದರಲ್ಲಿ 'ಆಪರೇಷನಲ್ ರೀಸನ್ಸ್' ಎಂಬೆರಡು ಪದಗಳನ್ನು ಬಿಟ್ಟರೆ ನನಗೂ ಏನೂ ಹಿಡಿಯಲಿಲ್ಲ. "ಎಂತ ಹೇಳಿದ್ದ ಮಗ ಅವ?" ಎಂದು ಅಮ್ಮ ಕೇಳಿದಳು. ನಾನು ಬಿ.ಎಸ್ಸಿ. ಓದಿದವನು, ಇಂಗ್ಲಿಷ್ ಪೇಪರ್ ಓದುವವನು. ಆದರೂ ಅಮ್ಮನಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲಿನ ಒಂದು ಗಂಟೆ ಅವಳು ಮಾತಾಡಲಿಲ್ಲ. ಎಲೆ ಅಡಿಕೆಯ ಸಂಚಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ವಿಮಾನದಲ್ಲಿ ಏನೋ ಕೆಟ್ಟಿದೆ, ಅದನ್ನು ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದು ಅವಳು ತೀರ್ಮಾನ ಮಾಡಿದ್ದಳೆಂಬುದು ಪುಣೆಯಲ್ಲಿ ಇಳಿದ ಮೇಲೆ ತಿಳಿಯಿತು. ನಿಜವಾದ ಕಾರಣ ಇಳಿಯುವ ಊರಿನಲ್ಲಿ ವಿಮಾನಗಳ ದಟ್ಟಣೆಯಷ್ಟೇ ಎಂದು ಗಗನಸಖಿಯೊಬ್ಬಳು ಇಳಿಯುವಾಗ ನನ್ನ ಬಳಿ ಹೇಳಿದಳು. ನೂರಾರು ಜನ ಸುಮ್ಮಸುಮ್ಮನೆ ಬೆವರು ಸುರಿಸಿದ್ದರು, ಗೆಳೆಯ. ಆ ಕ್ಯಾಪ್ಟನ್ ಕೆಟ್ಟವನೆಂದು ನಾನು ಹೇಳುವುದಿಲ್ಲ. ಅವನ ಕಣ್ಣ ಮುಂದೆ ಆ ಮುದುಕಿ ಇರಲಿಲ್ಲ, ಅಷ್ಟೇ.

ವಾಪಸು ಬರುವಾಗ ಬೇರೊಬ್ಬ ಪೈಲಟ್. ಏರುವ ಮೊದಲೇ ನಿಧಾನವಾಗಿ ಮಾತಾಡಿದ. ಇಂಗ್ಲಿಷ್, ಹಿಂದಿ ಮುಗಿಸಿ, ನಡುನಡುವೆ ತಡವರಿಸುತ್ತಾ ಕನ್ನಡದಲ್ಲೂ ಹೇಳಿದ. ಬೆಂಗಳೂರು ಹತ್ತಿರವಾಗುವ ಹೊತ್ತಿಗೆ ಸುಮಾರು ಹತ್ತು ನಿಮಿಷ ವಿಮಾನ ಅಲುಗಾಡುತ್ತದೆ, ಮೋಡದೊಳಗೆ ಹೋಗುವುದರಿಂದ ಹಾಗಾಗುತ್ತದೆ, ಎಲ್ಲರೂ ಬೆಲ್ಟ್ ಹಾಕಿಕೊಂಡೇ ಇರಿ, ಗಾಬರಿ ಬೇಡ ಎಂದ. ಅಲುಗಾಟ ಶುರುವಾದಾಗ ಅಮ್ಮ ನನ್ನ ಕೈ ಗಡಿಯಾರ ನೋಡುತ್ತ, "ಅವ ಹೇಳಿದ್ದ ಹತ್ತು ನಿಮಿಷ ಆಗ್ಲಿಲ್ಲ ಇನ್ನೂ" ಎಂದು ನನಗೇ ಧೈರ್ಯ ಹೇಳಿದಳು. ಅಲುಗಾಟ ಹೋಗುವಾಗಿನದಕ್ಕಿಂತ ಜಾಸ್ತಿಯೇ ಇತ್ತು. ಹೆದರಿಕೆ ಮಾತ್ರ ಇರಲಿಲ್ಲ.

ಇದನ್ನು ಓದುತ್ತ ನೀನು ಹೇಳುವ ಮಾತು ನನಗೆ ಗೊತ್ತು. ಹತ್ತು ಸಾವಿರ ಅಡಿಗಿಂತ ಕೆಳಗೆ ಏರುವಾಗ, ಇಳಿಯುವಾಗ ಕಾಕ್‌ಪಿಟ್ಟಿನಲ್ಲಿ ಕೆಲಸಕ್ಕೆ ಸಂಬಂಧಿಸದ ಒಂದು ಮಾತೂ ಆಡಬಾರದು. ಮೊದಲು ವಿಮಾನ ಹಾರಿಸಬೇಕು, ಆಮೇಲೆ ದಾರಿ ನೋಡಬೇಕು, ಮಾತು ಕೊನೆಯದು ಎಂಬುದು ನಿಮಗೆ ಕಲಿಸುವ ಮೊದಲ ಪಾಠ. ಆ ಕ್ರಮ ಹಾಗೆಯೇ ಇರಬೇಕು. ರನ್‌ವೇ ಹತ್ತಿರ ಬಂದು ಮತ್ತೆ ಮೇಲೇರುವ ಗೋ-ಅರೌಂಡ್ ಸಮಯದಲ್ಲಿ ನಮಗೆ ವರದಿ ಒಪ್ಪಿಸುತ್ತ ಕೂರು ಎಂದು ಯಾವ ಬುದ್ಧಿವಂತನೂ ಕೇಳುವುದಿಲ್ಲ. ಆದರೆ ಮಾತು ಕೊನೆಯದು ಎಂದರೆ ಮಾತು ಬೇಡವೆಂದಲ್ಲ. ವಿಮಾನ ಮೇಲೇರಿ ಸ್ಥಿರವಾದ ಮೇಲೆ, "ರನ್‌ವೇ ಸರಿಯಾಗಿ ಕಾಣಲಿಲ್ಲ, ಅದಕ್ಕೇ ಮೇಲೆ ಬಂದೆವು, ಇನ್ನೊಂದು ಸುತ್ತು ಬಂದು ಇಳಿಯುತ್ತೇವೆ" ಎನ್ನಲು ಹದಿನೈದು ಸೆಕೆಂಡು ಸಾಕು. ಒಮ್ಮೆಲೇ ಎಂಜಿನ್ ಗರ್ಜಿಸಿ, ಮೂಗು ಮೇಲಾಗಿ, ಬೆನ್ನು ಸೀಟಿಗೆ ಒತ್ತಿಕೊಂಡಾಗ ಹಿಂದೆ ಕುಳಿತವರು ದೇವರ ಹೆಸರು ಹೇಳುತ್ತಿರುತ್ತಾರೆ. ನಿನಗೆ ಅದು ದಿನನಿತ್ಯದ ಎಚ್ಚರಿಕೆಯ ಕ್ರಮ. ಅವರಿಗೆ ಅದು ಸಾವಿನ ಬಾಗಿಲು ತಟ್ಟಿ ಬಂದಂತೆ.

1982ರ ಜೂನ್ 24ರ ರಾತ್ರಿ ಜಾವಾ ದ್ವೀಪದ ಹತ್ತಿರ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೊ ವಿಮಾನ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕು ಅದರ ನಾಲ್ಕೂ ಎಂಜಿನ್‌ಗಳು ನಿಂತುಹೋದ ಕಥೆಯನ್ನು ನನಗೆ ಹೇಳಿದವನು ನೀನೇ. ಕ್ಯಾಪ್ಟನ್ ಎರಿಕ್ ಮೂಡಿ ಆಗ ಪ್ರಯಾಣಿಕರಿಗೆ ಹೇಳಿದ್ದು ಇಷ್ಟು: ನಮಗೆ ಒಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ, ಅವನ್ನು ಮತ್ತೆ ಚಾಲೂ ಮಾಡಲು ನಮ್ಮಿಂದಾದುದೆಲ್ಲವನ್ನೂ ಮಾಡುತ್ತಿದ್ದೇವೆ, ನಿಮಗೆ ಹೆಚ್ಚು ಕಳವಳವಾಗಿಲ್ಲವೆಂದು ನಂಬಿದ್ದೇನೆ. ಜನ ಇದನ್ನು ಇಂಗ್ಲಿಷರ ತಣ್ಣನೆಯ ಹಾಸ್ಯವೆಂದು ನಗುತ್ತಾ ಹೇಳಿಕೊಳ್ಳುತ್ತಾರೆ. ನನಗೆ ಮೆಚ್ಚಿಗೆಯಾಗುವುದು ಅದರ ಹಾಸ್ಯವಲ್ಲ. ಅಂಥ ಹೊತ್ತಿನಲ್ಲೂ ಆ ಮನುಷ್ಯ ಸುಳ್ಳು ಹೇಳಲಿಲ್ಲ, ಮತ್ತು ಹಿಂದೆ ಕುಳಿತವರಿಗೆ ಸತ್ಯವನ್ನು ತಾಳಿಕೊಳ್ಳುವ ಶಕ್ತಿಯಿದೆಯೆಂದು ನಂಬಿದ. ಎಂಜಿನ್‌ಗಳು ಮತ್ತೆ ಓಡಿ ವಿಮಾನ ಜಕಾರ್ತದಲ್ಲಿ ಇಳಿಯಿತು. ಒಂದು ಜೀವವೂ ಹೋಗಲಿಲ್ಲ.

ಇಷ್ಟು ಹೇಳಿದ ಮೇಲೆ, ಪ್ರಯಾಣಿಕರನ್ನು ಖುಷಿಪಡಿಸುವುದೇ ನಿನ್ನ ಕರ್ತವ್ಯವೆಂದು ನಾನು ವಾದಿಸುತ್ತಿದ್ದೇನೆಂದು ತಿಳಿಯಬೇಡ. ನನ್ನ ಮಾತು ಅದರ ತದ್ವಿರುದ್ಧ. ಮಳೆಯಲ್ಲಿ ನೆನೆದ ರನ್‌ವೇ ಮೇಲೆ ಚಕ್ರಗಳು ಗಟ್ಟಿಯಾಗಿ ಕೂರಬೇಕು, ಇಲ್ಲದಿದ್ದರೆ ನೀರಿನ ಪದರದ ಮೇಲೆ ತೇಲಿ ಬ್ರೇಕ್ ಹಿಡಿಯುವುದಿಲ್ಲವೆಂದು ನೀನು ಹೇಳಿದ ದಿನದಿಂದ ನಾನು ಹೂವಿನಂತೆ ಇಳಿದ ವಿಮಾನಕ್ಕೆ ಚಪ್ಪಾಳೆ ತಟ್ಟುವುದನ್ನು ಬಿಟ್ಟಿದ್ದೇನೆ. ದಡಕ್ಕನೆ ಇಳಿದಾಗ ಪಕ್ಕದವರು, "ಯಾರಪ್ಪ ಇವನು, ಟ್ರ್ಯಾಕ್ಟರ್ ಓಡಿಸ್ತಿದ್ನಾ?" ಎಂದು ನಗುತ್ತಾರೆ. ಆ ನಗೆಯನ್ನು ನೀನು ಸಹಿಸಿಕೊಳ್ಳಬೇಕು. ತಡವಾದರೂ ಕಾದದ್ದಕ್ಕೆ, ಮಂಗಳೂರಿನಲ್ಲಿ ಇಳಿಸಬೇಕಾದವರನ್ನು ಮಳೆಯ ಕಾರಣ ಬೆಂಗಳೂರಿಗೆ ಒಯ್ದದ್ದಕ್ಕೆ ಬೈಗುಳ ಬೀಳುತ್ತದೆ, ಅದನ್ನೂ ಸಹಿಸಿಕೊಳ್ಳಬೇಕು. ಪ್ರಯಾಣಿಕರ ಮೇಲಿನ ಗೌರವವೆಂದರೆ ಅವರ ಮೆಚ್ಚುಗೆಗೆ ಹಾತೊರೆಯುವುದಲ್ಲ.

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ವಿಷಯ ಎತ್ತದೆ ಇದನ್ನು ಬರೆಯಲಾರೆ. ಘಟ್ಟದ ಕೆಳಗಿನ ಆ ನಿಲ್ದಾಣವೇ ನಮ್ಮ ಮೂಡಿಗೆರೆಯವರಿಗೂ ಹತ್ತಿರದ್ದಾಗಿತ್ತು. ನಮ್ಮ ಕಡೆಯಿಂದ ಕೊಲ್ಲಿಗೆ ದುಡಿಯಲು ಹೋದವರೆಲ್ಲ ಅಲ್ಲಿಂದಲೇ ಹೋಗಿ ಬರುತ್ತಿದ್ದರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಗುಡ್ಡದ ನೆತ್ತಿಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು; ಬದುಕಿದವರು 8 ಜನ. ವಿಚಾರಣಾ ವರದಿಯಲ್ಲಿರುವ ಸಂಗತಿಗಳು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಕ್ಯಾಪ್ಟನ್ ಹಾರಾಟದ ನಡುವೆ ಬಹಳ ಹೊತ್ತು ನಿದ್ರಿಸಿದ್ದರು. ಎದ್ದ ಮೇಲೂ ಆ ಮಂಪರು ಪೂರ್ತಿ ಇಳಿದಿರಲಿಲ್ಲ. ವಿಮಾನ ಇಳಿಯಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಕೋ-ಪೈಲಟ್ ಮೂರು ಸಲ ಗೋ-ಅರೌಂಡ್ ಎಂದರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಸುಮಾರು 2,450 ಮೀಟರ್ ಉದ್ದದ ರನ್‌ವೇಯಲ್ಲಿ 1,500 ಮೀಟರಿಗೂ ಹೆಚ್ಚು ಕಳೆದ ಮೇಲೆ ಚಕ್ರ ನೆಲ ಮುಟ್ಟಿತು.

ತೀರಿಕೊಂಡ ಆ ಕ್ಯಾಪ್ಟನ್ನರನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಮೂರು ಸಲದ ಗೋ-ಅರೌಂಡ್ ಎಂಬ ಮಾತನ್ನು ನಾನು ಓದಿದಾಗಲೆಲ್ಲ ನನಗೆ ಅನ್ನಿಸುವುದೇ ಬೇರೆ. ಹಿಂದೆ ಕುಳಿತಿದ್ದವರಿಗೆ, ಮಕ್ಕಳಿಗೆ ಚಾಕೊಲೇಟ್, ಹೆಂಡತಿಗೆ ಸೀರೆ ತುಂಬಿಕೊಂಡು ಬರುತ್ತಿದ್ದ ಆ ಜನರಿಗೆ, ಮುಂದಿನ ಗಾಜು ಕಾಣುತ್ತಿದ್ದಿದ್ದರೆ ಅವರೂ ಅದನ್ನೇ ಕೂಗುತ್ತಿದ್ದರು. ಅವರಿಗೆ ಕಾಣಲಿಲ್ಲ, ಕಂಡವನೊಬ್ಬ ಅವರ ಪರವಾಗಿ ಮೂರು ಸಲ ಹೇಳಿದ. ಎಡ ಸೀಟಿನಲ್ಲಿ ಕುಳಿತ ಮೇಲೆ ಬಲ ಸೀಟಿನ ಹುಡುಗನೋ ಹುಡುಗಿಯೋ ಏನಾದರೂ ಅಂದರೆ, ಅದನ್ನು ನಿನ್ನ ಹಿರಿತನಕ್ಕೆ ಎಸೆದ ಸವಾಲೆಂದು ತಿಳಿಯಬೇಡ. ಬೀಗದ ಬಾಗಿಲಿನೊಳಗೆ ಪ್ರಯಾಣಿಕರಿಗೆ ಇರುವ ಬಾಯಿ ಅದೊಂದೇ. ಗೋ-ಅರೌಂಡ್ ಮಾಡಿದ ಪೈಲಟ್ಟನ್ನು ಅದಕ್ಕಾಗಿ ದಂಡಿಸಬಾರದೆಂಬ ನೀತಿ ಈಗ ಇದೆಯೆಂದು ನೀನು ಹೇಳಿದಾಗ ನನಗೆ ಸಮಾಧಾನವಾಯಿತು. ಆದರೆ ನೀತಿ ಕಾಗದದ ಮೇಲಿರುತ್ತದೆ, ಸುಮ್ಮನಿರು ಎನ್ನುವ ಕಣ್ಣೋಟ ಕಾಕ್‌ಪಿಟ್ಟಿನಲ್ಲಿರುತ್ತದೆ.

ನಿದ್ದೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಾರಾಟಕ್ಕೆ ಹನ್ನೆರಡು ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ, ಉಸಿರಿನ ಪರೀಕ್ಷೆಯಾಗದೆ ಕೆಲಸಕ್ಕೆ ಹತ್ತುವಂತಿಲ್ಲ ಎಂಬ ನಿಯಮಗಳನ್ನು ಎಲ್ಲರೂ ಗೌರವಿಸುತ್ತಾರೆ, ಏಕೆಂದರೆ ಅಳೆಯುವ ಯಂತ್ರವಿದೆ. ಆಯಾಸ ಅಳೆಯುವ ಯಂತ್ರವಿಲ್ಲ. ವಾರಕ್ಕೆ 36 ಗಂಟೆಯಿದ್ದ ವಿಶ್ರಾಂತಿಯನ್ನು 48 ಗಂಟೆಗೆ ಏರಿಸಿದ ಹೊಸ ನಿಯಮ ಒಳ್ಳೆಯದೇ. ಆದರೆ ಆ ನಲವತ್ತೆಂಟು ಗಂಟೆಯನ್ನು ಮದುವೆ, ಗೃಹಪ್ರವೇಶಗಳಿಗೆ ಓಡಾಡಿ ಕಳೆದು ಕೆಂಪು ಕಣ್ಣಿನಲ್ಲಿ ಕೆಲಸಕ್ಕೆ ಹೋದರೆ ನಿಯಮ ಏನು ಮಾಡೀತು? ಅಪ್ಪ ಡಬಲ್ ಡ್ಯೂಟಿ ಮಾಡಲು ಒಪ್ಪದೆ ಮಾಲೀಕರಿಂದ ಎಷ್ಟು ಸಲ ಬೈಸಿಕೊಂಡಿದ್ದನೆಂಬುದು ನಿನಗೆ ಗೊತ್ತು. ನೀನು ಒಂದು ದಿನ "ಇಂದು ನನ್ನಿಂದ ಆಗುವುದಿಲ್ಲ" ಎಂದರೆ ನಿನ್ನ ಮುಖವನ್ನೇ ಎಂದೂ ನೋಡದ ನೂರೆಂಬತ್ತು ಜನರಿಗೆ ನೀನು ತೋರಿಸುವ ಮರ್ಯಾದೆ ಅದು. ಅವರಿಗೆ ತಿಳಿಯುವುದೂ ಇಲ್ಲ, ನಿನ್ನನ್ನು ಹೊಗಳುವುದೂ ಇಲ್ಲ.

ಇನ್ನು ಸಿಟ್ಟಿನ ಪ್ರಯಾಣಿಕರ ಬಗ್ಗೆ. 2024ರ ಜನವರಿಯಲ್ಲಿ ದೆಹಲಿಯ ದಟ್ಟ ಮಂಜಿನಲ್ಲಿ ಗಂಟೆಗಟ್ಟಲೆ ತಡವಾದ ವಿಮಾನದೊಳಗೆ, ಇನ್ನೂ ತಡವಾಗುತ್ತದೆಂದು ಪ್ರಕಟಿಸುತ್ತಿದ್ದ ಪೈಲಟ್ ಮೇಲೆ ಪ್ರಯಾಣಿಕನೊಬ್ಬ ಕೈ ಮಾಡಿದ ವಿಡಿಯೊವನ್ನು ದೇಶವೆಲ್ಲ ನೋಡಿತು. ಹೊಡೆದವನ ಪರ ನಾನು ವಕಾಲತ್ತು ವಹಿಸುವುದಿಲ್ಲ. 1963ರ ಟೋಕಿಯೊ ಒಪ್ಪಂದದಿಂದ ಹಿಡಿದು 2017ರಲ್ಲಿ ನಮ್ಮಲ್ಲಿ ಬಂದ ಹಾರಾಟ ನಿಷೇಧದ ಪಟ್ಟಿಯವರೆಗೆ ಅಂಥವರನ್ನು ಹತೋಟಿಗೆ ತರಲು ನಿನ್ನ ಕೈಯಲ್ಲಿ ಬೇಕಾದಷ್ಟು ಅಧಿಕಾರವಿದೆ, ಇರಲೇಬೇಕು. ಆದರೆ ಗಮನಿಸು, ಆ ಪೈಲಟ್ ಬಾಗಿಲಿನಾಚೆ ಅಡಗಿ ಕೂರದೆ ಜನರ ಎದುರು ಬಂದು ನಿಂತು ಹೇಳುತ್ತಿದ್ದ. ಒಬ್ಬ ಹುಚ್ಚನ ಏಟಿನಿಂದ ಆ ಒಳ್ಳೆಯ ರೂಢಿ ನಿಂತುಹೋದರೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಕ್ಯಾಪ್ಟನ್ ಮಾತಾಡದೆ ಕುಳಿತಾಗ ಎಲ್ಲ ಬೈಗುಳವನ್ನೂ ಉಣ್ಣುವವರು ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಆ ಗಗನಸಖಿಯರು. ಅವರಿಗೂ ಕಾರಣ ತಿಳಿದಿರುವುದಿಲ್ಲ, ಹೇಳುವ ಅಧಿಕಾರವೂ ಇರುವುದಿಲ್ಲ. ನಿನ್ನ ಡ್ಯೂಟಿ ಸಮಯ ಮುಗಿದು ಬೇರೆ ಪೈಲಟ್ ಬರಬೇಕಾದಾಗ ಜನ, "ಟೈಮ್ ಆಯ್ತು ಅಂತ ಇಳಿದು ಹೋದ" ಎಂದು ಶಪಿಸುತ್ತಾರೆ. ಆಗ ಇಳಿಯುವ ಮೊದಲು ನೀನೇ ಮೈಕ್ ಹಿಡಿದು, ಇನ್ನು ಮುಂದೆ ಹಾರಿಸಿದರೆ ನಿಮಗೇ ಅಪಾಯ, ಅದಕ್ಕೇ ಕಾನೂನು ನನ್ನನ್ನು ತಡೆಯುತ್ತದೆ ಎಂದು ಎರಡು ಮಾತು ಹೇಳಿ ಹೋಗು. ಆದರೂ ಕೆಲವರು ಶಪಿಸುತ್ತಾರೆ, ಬಿಡು.

ನಮ್ಮಂಥವರು ವಿಮಾನ ಹತ್ತುವಂತಾದುದು ಹೇಗೆಂಬುದನ್ನೂ ನೀನು ಮರೆಯಬಾರದು. ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು, ಜಾವಗಲ್ ಕಡೆ ಬೇಸಾಯ ಮಾಡಿ, 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಅವರ ಕಣ್ಣಿನಲ್ಲಿದ್ದುದು ರೈಲಿನಲ್ಲಿ ಓಡಾಡುವ ಜನ. ಅಲ್ಲಿಂದ ಈಚೆಗೆ ಪ್ರಯಾಣಿಕನ ಮುಖ ಬದಲಾಗಿದೆ. 2023ರಲ್ಲಿ ಶಿವಮೊಗ್ಗದ ನಿಲ್ದಾಣ ಶುರುವಾದ ಮೇಲಂತೂ ನಮ್ಮ ಕೊಪ್ಪ, ತೀರ್ಥಹಳ್ಳಿ ಕಡೆಯವರು ಅಡಿಕೆ ಮಂಡಿಗೆ ಹೋಗಿಬರುವಷ್ಟೇ ಸಲೀಸಾಗಿ ವಿಮಾನದ ಮಾತಾಡುತ್ತಾರೆ. ಇವರಲ್ಲಿ ಬೆಲ್ಟ್ ಕೊಂಡಿ ಹೇಗೆ ಬಿಚ್ಚಬೇಕೆಂದು ತಿಳಿಯದವರಿದ್ದಾರೆ, ಕೇಳಲು ನಾಚುವವರಿದ್ದಾರೆ. ಇಂಥವರನ್ನು ಕಂಡು ಸಿಬ್ಬಂದಿ ತಮ್ಮತಮ್ಮಲ್ಲೇ ನಗುವುದನ್ನು ನಾನು ನೋಡಿದ್ದೇನೆ. ಕ್ಯಾಪ್ಟನ್ ಯಾವುದಕ್ಕೆ ನಗುತ್ತಾನೋ ಅದಕ್ಕೇ ಇಡೀ ತಂಡ ನಗುತ್ತದೆ, ಅವನು ಯಾವುದನ್ನು ಸಹಿಸುವುದಿಲ್ಲವೋ ಅದನ್ನು ತಂಡವೂ ಮಾಡುವುದಿಲ್ಲ. ಇದು ಶಾಲೆಯ ಹೆಡ್ಮಾಸ್ಟರಿಗೂ ಅನ್ವಯಿಸುವ ಮಾತು. 2022ರ ಮೇ ತಿಂಗಳಲ್ಲಿ ರಾಂಚಿಯಲ್ಲಿ ವಿಶೇಷ ಚೇತನ ಬಾಲಕನೊಬ್ಬನನ್ನು ವಿಮಾನ ಹತ್ತಿಸಿಕೊಳ್ಳಲಿಲ್ಲವಲ್ಲ, ಅದಕ್ಕೆ ಆ ಸಂಸ್ಥೆಗೆ 5 ಲಕ್ಷ ರೂಪಾಯಿ ದಂಡ ಬಿತ್ತು, ವೈದ್ಯರ ಅಭಿಪ್ರಾಯ ಕೇಳದೆ ಹಾಗೆ ತಡೆಯುವಂತಿಲ್ಲವೆಂದು ನಿಯಮವೂ ತಿದ್ದುಪಡಿಯಾಯಿತು. ಹುಡುಗ ಗಾಬರಿಯಾಗಿದ್ದ, ಅವನನ್ನು ಸಮಾಧಾನ ಮಾಡುವ ಬದಲು ದೂರ ಇಡುವುದು ಅಲ್ಲಿದ್ದವರಿಗೆ ಸುಲಭವೆನ್ನಿಸಿತು.

ನೆಲ ಮುಟ್ಟಿದ ಕೂಡಲೇ ನಿನ್ನ ಕೆಲಸ ಮುಗಿಯಿತೆಂದು ನೀನು ತಿಳಿದಿದ್ದರೆ, 2010ರ ನವೆಂಬರ್ 4ರಂದು ಸಿಂಗಪುರದಲ್ಲಿ ನಡೆದದ್ದನ್ನು ನೆನಪಿಸಿಕೋ. ಕ್ವಾಂಟಾಸ್ ಸಂಸ್ಥೆಯ ದೊಡ್ಡ ಎ380 ವಿಮಾನದ ಒಂದು ಎಂಜಿನ್ ಆಕಾಶದಲ್ಲೇ ಸಿಡಿದು, ರೆಕ್ಕೆ ತೂತಾಗಿ, ಹತ್ತಾರು ವ್ಯವಸ್ಥೆಗಳು ಕೆಟ್ಟವು. ಒಳಗೆ ಒಟ್ಟು 469 ಜೀವಗಳಿದ್ದವು. ವಿಮಾನ ಇಳಿದ ಮೇಲೂ ಇಂಧನ ಸೋರುತ್ತಿತ್ತು, ಬ್ರೇಕುಗಳು ಕಾದು ಕೆಂಡವಾಗಿದ್ದವು, ಒಂದು ಎಂಜಿನ್ ಆರಿಸಲು ಹೋದರೆ ಆರುತ್ತಿರಲಿಲ್ಲ. ಜಾರುಬಂಡೆಯಲ್ಲಿ ಜನರನ್ನು ಕೆಳಗೆ ಬಿಟ್ಟರೆ ಅಪಾಯ ಹೆಚ್ಚೆಂದು ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಎಲ್ಲರನ್ನೂ ಒಳಗೇ ತಡೆದು, ಆಮೇಲೆ ಮೆಟ್ಟಿಲ ಮೂಲಕ ಇಳಿಸಿದರು. ಎಲ್ಲರೂ ಟರ್ಮಿನಲ್ ಸೇರಿದ ಮೇಲೆ ಅವರು ಅಲ್ಲಿಗೂ ಹೋಗಿ, ಏನಾಯಿತೆಂದು ವಿವರಿಸಿ, ತಮ್ಮ ಸ್ವಂತ ಫೋನ್ ನಂಬರನ್ನೇ ಪ್ರಯಾಣಿಕರಿಗೆ ಕೊಟ್ಟರು. ಅಷ್ಟು ಗಂಟೆಗಳ ಹೋರಾಟ ಮುಗಿಸಿದ ಮನುಷ್ಯ ಹೋಟೆಲಿಗೆ ಹೋಗಿ ಮಲಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಮ್ಮಲ್ಲಿ ಬಸ್ಸು ಕೆಟ್ಟರೆ ಡ್ರೈವರ್ ಬೇರೆ ಬಸ್ಸು ತಡೆದು ಎಲ್ಲರನ್ನೂ ಹತ್ತಿಸಿ, ಕೊನೆಗೆ ತಾನೊಬ್ಬನೇ ರಸ್ತೆ ಬದಿಯಲ್ಲಿ ಬೀಡಿ ಹಚ್ಚಿ ಕೂರುತ್ತಾನಲ್ಲ, ಅದೇ ಜಾತಿಯ ಮನುಷ್ಯ ಆತ.

ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ನಿಂತುಹೋದುದಕ್ಕೆ ಇಂದಿಗೂ ಮಲೆನಾಡಿನವರು ಹಳಹಳಿಸುವುದು ಟಿಕೆಟ್ ಅಗ್ಗವಿತ್ತೆಂದಲ್ಲ. ಕಾರ್ಮಿಕರೇ ಮಾಲೀಕರಾಗಿ 1991ರಿಂದ ನಡೆಸಿದ ಆ ಬಸ್ಸುಗಳ ಚಾಲಕರಿಗೆ ಯಾವ ಗೇಟಿನಲ್ಲಿ ಯಾರು ಕಾಯುತ್ತಾರೆ, ಯಾವ ಮನೆಗೆ ಪೇಟೆಯಿಂದ ಮಾತ್ರೆ ತಲುಪಿಸಬೇಕು ಎಂಬುದೆಲ್ಲ ತಿಳಿದಿತ್ತು. ನಿನಗೆ ಅಷ್ಟು ಪರಿಚಯ ಸಾಧ್ಯವಿಲ್ಲ, ದಿನಕ್ಕೆ ನಾಲ್ಕು ಹಾರಾಟವೆಂದರೆ ಏಳುನೂರು ಮುಖಗಳು. ಆದರೆ ಜನ ಇಳಿಯುವಾಗ ಆಗಾಗಲಾದರೂ ಬಾಗಿಲು ತೆರೆದು ಅಲ್ಲಿ ನಿಲ್ಲಬಹುದು. ಎಲ್ಲ ಹಾರಾಟದಲ್ಲೂ ಆಗದಿರಬಹುದು, ಕಾಗದಪತ್ರದ ಕೆಲಸವಿರುತ್ತದೆ, ಮುಂದಿನ ಹಾರಾಟಕ್ಕೆ ಅರ್ಧ ಗಂಟೆಯಷ್ಟೇ ಇರುತ್ತದೆ. ಅದು ನನಗೂ ಗೊತ್ತು. ನಿಂತಾಗ ಕೈ ಮುಗಿಯಬೇಕೆಂದೂ ಇಲ್ಲ. ಅವರು ನಿನ್ನನ್ನು ನೋಡುತ್ತಾರೆ, ನೀನು ಅವರನ್ನು ನೋಡುತ್ತೀಯೆ. ಅಪ್ಪ ಎಂಜಿನ್ ಚಾಲೂ ಮಾಡುವ ಮೊದಲು ಕನ್ನಡಿಯಲ್ಲಿ ಹಿಂದಿನ ಸೀಟಿನವರೆಗೂ ಒಮ್ಮೆ ಕಣ್ಣಾಡಿಸುತ್ತಿದ್ದ. ಯಾಕೆಂದು ಕೇಳಿದರೆ, "ಯಾರು ಕೂತಿದಾರೆ ಅಂತ ಗೊತ್ತಿದ್ರೆ ಬ್ರೇಕ್ ಬೇರೆ ಥರ ಹಿಡಿತದೆ" ಎನ್ನುತ್ತಿದ್ದ.

ಅರೇಬಿಕಾ ಕೊಯ್ಲು ಶುರುವಾಗಿದೆ, ಕಣದಲ್ಲಿ ಹಣ್ಣು ಹರಡಿದ ದಿನವೇ ಮೋಡ ಕವಿದು ಕಾಟ ಕೊಡುತ್ತಿದೆ. ಸಂಕ್ರಾಂತಿ ಮುಗಿಸಿ ಅಮ್ಮ ಮತ್ತೆ ಪುಣೆಗೆ ಹೊರಡುವವಳಿದ್ದಾಳೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ, "ನಮ್ಮ ಹುಡುಗ ಓಡಿಸೋ ವಿಮಾನವೇ ಸಿಕ್ರೆ ಅವ ಕನ್ನಡದಲ್ಲಿ ಹೇಳ್ತಾನಾ ಕೇಳು" ಎಂದಳು. ಕೇಳಿದ್ದೇನೆ. ಉತ್ತರವನ್ನು ನನಗಲ್ಲ, ಅವಳಿಗೇ ಬರೆ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಕಣ್ಣಿನ ಆಪರೇಷನ್ ಇನ್ನೂ ಆಗಿಲ್ಲ.

ನಿನ್ನ,
ಬಾನೆಟ್ ಸೀಟಿನ ಗೆಳೆಯ